ನಡುಮನೆಗೆ ಬಾಗಿದ ಸೈಪ್ರೆಸ್

ಮೇಲುಬೀದಿಯ ಹನ್ನೊಂದು ಸೈಪ್ರೆಸ್ ಮರಗಳು ಕೆಳಗೇರಿಯ ನಮ್ಮ ತಗಡಿನ ಮನೆಗೆ ತಲೆಬಾಗಿ ನಿಂತಿದ್ದವು. ಮೇಲುಬೀದಿಯವರಿಗೆ ಇದು ಬಾಯಲ್ಲಿ ಎದ್ದ ಹುಣ್ಣು, ನುಂಗುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ನಮ್ಮೂರಿನಲ್ಲಿ ಸೈಪ್ರೆಸ್ ಮರ ತನ್ನನ್ನು ಸಾಕಿದವರು ಎಲ್ಲಿ ಮಲಗುತ್ತಾರೋ ಆ ಕಡೆಗೆ ವಾಲುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ಹುಣಸೆ ಯಾಕೆ ಹುಳಿ ಎಂದು ನೀವು ಯಾರನ್ನಾದರೂ ಕೇಳಿದ್ದೀರಾ? ಹಿಂದಿನವರು ತಾವೇ ಗುಂಡಿ ತೋಡಿ, ತಾವೇ ನೀರು ಹೊತ್ತು ಸಾಕುತ್ತಿದ್ದರಂತೆ. ಮರ ಅವರ ಹೊಸಿಲಿಗೇ ಬಾಗುತ್ತಿತ್ತು. ಮನೆಗೆ ಬಾಗಿದ ಮರವೇ ಮನೆತನದ ಮರ್ಯಾದೆ ಎಂಬ ಮಾತು ಹುಟ್ಟಿದ್ದು ಆವಾಗ. ಆಮೇಲೆ ಅವರ ಮಕ್ಕಳಿಗೆ ಸೊಂಟ ಬಗ್ಗುವುದು ನಿಂತುಹೋಯಿತು. ಸೊಂಟ ಬಗ್ಗಿಸುವುದಕ್ಕೆ ಕೆಳಗೇರಿಯಿಂದ ನಮ್ಮನ್ನು ಕರೆಸಿಕೊಂಡರು. ಮರ್ಯಾದೆ ಮಾತ್ರ ತಮ್ಮ ಅಂಗಳದಲ್ಲೇ ಇರಲಿ ಎಂದುಕೊಂಡರು. ಈ ಏರ್ಪಾಡನ್ನು ಮರಕ್ಕೆ ಯಾರೂ ತಿಳಿಸಿರಲಿಲ್ಲ.

ನಾನು ಈ ಕೆಲಸಕ್ಕೆ ಇಳಿದದ್ದು ಏಳನೇ ಕ್ಲಾಸಿನಲ್ಲಿ. ಮರದಿಂದ ಮನುಷ್ಯನಿಗೆ ಆಗುವ ಉಪಯೋಗಗಳನ್ನು ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ನಾನು 'ಯಾವ ಮನುಷ್ಯನಿಗೆ?' ಎಂದು ಬರೆದೆ. ಅಂಗೈ ಮೇಲೆ ಆರು ಏಟು ಬಿತ್ತು. ಮಾರನೆಯ ದಿನದಿಂದ ಅದೇ ಅಂಗೈಯಲ್ಲಿ ಗುದ್ದಲಿ ಹಿಡಿದು ಅವ್ವನ ಹಿಂದೆ ಮೇಲುಬೀದಿ ಹತ್ತಿದೆ. ಅವ್ವನ ಹೆಸರು ಸಣ್ಣತಾಯಿ. ಸೈಪ್ರೆಸ್ ವಿಷಯದಲ್ಲಿ ಅವಳಿಗಿಂತ ದೊಡ್ಡ ಮೇಷ್ಟ್ರು ಇಲ್ಲ. ಗುಂಡಿ ಆಳಕ್ಕಿಂತ ಅಗಲ ಇರಬೇಕು ಅನ್ನುತ್ತಿದ್ದಳು. ಸಸಿಯ ಕತ್ತು ಮಣ್ಣಿನಿಂದ ಎರಡು ಬೆರಳು ಮೇಲಿರಬೇಕು. ಕತ್ತಿನವರೆಗೆ ಹೂತರೆ ನೀನೂ ಬದುಕಲ್ಲ, ಅದೂ ಬದುಕಲ್ಲ. ನೀರು ನಿಲ್ಲುವ ಕಡೆ ನೆಡಬೇಡ. ಗೋಡೆಗೆ ಒತ್ತಿ ನೆಡಬೇಡ, ಗಾಳಿ ಆಡಬೇಕು. ಎಳೆಯದರಲ್ಲಿ ಊರುಗೋಲು ಕೊಡು, ಎರಡು ವರ್ಷಕ್ಕೆ ಬಿಚ್ಚಿಹಾಕು, ಇಲ್ಲದಿದ್ದರೆ ಸೋಮಾರಿಯಾಗುತ್ತದೆ. ಚಳಿ ಮುಗಿಯುವ ಹೊತ್ತಿಗೆ ಒಳಗಿನ ಎಲೆ ಕಂದುಬಣ್ಣಕ್ಕೆ ತಿರುಗಿ ಉದುರುವುದು ಮರದ ಸ್ವಭಾವ. ಅದನ್ನು ಕಂಡಾಗಲೆಲ್ಲ ಮೇಲುಬೀದಿಯ ಹೆಂಗಸರು 'ಮರ ಕೊಂದುಬಿಟ್ಟರು' ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬಾಯಿ ಬಡಿದುಕೊಳ್ಳುವುದೂ ಅವರ ಸ್ವಭಾವ, ಅದು ಮಾತ್ರ ಹನ್ನೆರಡು ತಿಂಗಳು.

ಆ ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡ ಮನೆ ಉಣ್ಣೆ ಮಂಡಿಯ ಪಂಪಣ್ಣನವರದು. ಎಲ್ಲರಿಗಿಂತ ಎತ್ತರದ ಮರವೂ ಅವರದೇ. ಎತ್ತರ ಹೆಚ್ಚಾದಷ್ಟೂ ಅದು ನಮ್ಮ ಮನೆಗೆ ಬಾಗಿದ್ದು ಊರಿಗೆಲ್ಲ ಕಾಣುತ್ತಿತ್ತು. ಅಲ್ಲಿ ಇನ್ನೊಂದು ತೊಡಕಿತ್ತು. ನಮ್ಮ ತಗಡಿನ ಮನೆ ನಿಂತ ನೆಲ ಪಂಪಣ್ಣನವರ ತಾತನ ಹೆಸರಿನಲ್ಲಿತ್ತು. ನಮ್ಮವರು ಮೂರು ತಲೆಮಾರಿನಿಂದ ಅಲ್ಲಿ ಹುಟ್ಟಿ, ಅಲ್ಲೇ ಸತ್ತು, ಆ ನೆಲವನ್ನು ಮೂರು ಸಾವಿರ ಸಲ ಸಾರಿಸಿದ್ದರು. ಕಾಗದದ ಪ್ರಕಾರ ನಾವು ಅಲ್ಲಿ ಇರಲೇ ಇಲ್ಲ. ಅವ್ವನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ, ಆ ನೆಲಕ್ಕೆ ತನ್ನ ಹೆಸರಿನ ಪಟ್ಟಾ.

ಐದು ವರ್ಷದ ಹಿಂದೆ ಪಂಪಣ್ಣನವರಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ವಾಲಿದ ಪಕ್ಕವನ್ನು ಕತ್ತರಿಸಿಬಿಟ್ಟರೆ ಮರ ನೆಟ್ಟಗೆ ಕಾಣುತ್ತದೆ ಎಂದರು. ನಾನು ಬೇಡವೆಂದೆ. "ಬುದ್ಧಿ, ಇದು ದಾಸವಾಳ ಅಲ್ಲ. ಹಸಿರು ಇರೋವರೆಗೆ ಮಾತ್ರ ಕತ್ತರಿ ಆಡಿಸಬೋದು. ಒಣಕಟ್ಟಿಗೆಗೆ ಹೋದ್ರೆ ಮತ್ತೆ ಚಿಗುರಲ್ಲ."

"ನಿಂಗೆ ಗೊತ್ತಾ, ನಂಗೆ ಗೊತ್ತಾ?" ಎಂದರು.

ಗೊತ್ತಿದ್ದವನು ನಾನಾದ್ದರಿಂದ ಸುಮ್ಮನಾದೆ. ಅವರು ಗಾರೆ ಕೆಲಸದವನನ್ನು ಕರೆಸಿ ಗರಗಸದಲ್ಲಿ ಬೋಳಿಸಿದರು. ಬುಡದಿಂದ ಎದೆಯೆತ್ತರದವರೆಗೆ ಒಂದು ಪಕ್ಕ ಕಂದು ಕಡ್ಡಿಗಳ ಗೂಡಾಯಿತು, ಅರ್ಧ ತಲೆ ಬೋಳಿಸಿಕೊಂಡು ಎದ್ದು ಓಡಿಬಂದವನ ಹಾಗೆ. ಒಂದು ವರ್ಷ ಕಾದರು. ಒಂದು ಚಿಗುರಿಲ್ಲ. ಕೊನೆಗೆ ಹಸಿರು ಬಣ್ಣ ಬಳಿಸಿದರು. ಮೊದಲ ಮಳೆಗೆ ಬಣ್ಣ ಕರಗಿ, ಅವರ ಬಿಳಿ ಜಗಲಿಯ ಮೇಲೆ ಹರಿದು, ಸರ್ವಮಂಗಳಮ್ಮನವರು, ಅಂದರೆ ಪಂಪಣ್ಣನವರ ಹೆಂಡತಿ, ಜಾರಿ ಬಿದ್ದರು. ಎದ್ದಾಗ ಅವರ ಹಿಂಭಾಗ ಹಸಿರಾಗಿತ್ತು. ಚಿಗುರಿದ್ದು ಅಷ್ಟೇ.

ಹೀಗಿರುವಾಗ ಅವರ ಮಗಳು ಕುಮುದಳಿಗೆ ಒಂದು ಸಂಬಂಧ ಬಂತು. ನದಿಯಾಚೆಯ ಮನೆತನ, ಹಳೆಯ ಕಟ್ಟಳೆಯವರು. ಹುಡುಗಿಯನ್ನು ನೋಡುವುದಕ್ಕೆ ಮುಂಚೆ ಅವರು ಮರದ ಬಾಗು ನೋಡುತ್ತಾರೆ. ನಮ್ಮೂರಿನ ಓಬಳಯ್ಯ ಮರದ ತುದಿಗೆ ದಾರ ಕಟ್ಟಿ ತೂಗುಗುಂಡು ಇಳಿಬಿಡುತ್ತಾನೆ. ಗುಂಡು ಯಾವ ಕಡೆಗೆ ಬಿತ್ತೋ ಮರ ಆ ಕಡೆಯವರದು. ಮನೆಯ ಕಡೆ ಬಿದ್ದರೆ, ಯಜಮಾನ ಕಾಂಡದ ಮೇಲೆ ಕೈಯಿಟ್ಟು 'ಇದು ನನ್ನ ಮನೆ, ನಾನು ಸಾಕಿದ ಮರ ಸಾಕ್ಷಿ' ಎಂದು ಮೂರು ಸಲ ನುಡಿಯಬೇಕು. ಅಣ್ಣತಮ್ಮಂದಿರ ಪಾಲಿನ ಜಗಳವನ್ನೂ ಊರು ಹೀಗೇ ತೀರಿಸುತ್ತದೆ. ಒಮ್ಮೆ ನುಡಿದರೆ ಕೋರ್ಟೂ ಇಲ್ಲ, ಕಚೇರಿಯೂ ಇಲ್ಲ.

ಪಂಪಣ್ಣನವರು ಮಳೆಗಾಲದ ಮೊದಲ ವಾರದಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂದರು. ಅವರ ಜೋಡು ನಮ್ಮ ಕೆಸರಿನಲ್ಲಿ ಹೂತದ್ದನ್ನು ನೋಡಿ ನನಗೆ ಒಳಗೊಳಗೇ ಹಬ್ಬ.

"ದ್ಯಾವಾ, ನೀನೂ ನಿಮ್ಮವ್ವನೂ ಈ ಮಳೆಗಾಲ ನಮ್ಮನೇಲಿ ಮಲಗ್ರಿ," ಎಂದರು. "ಹೊಸ ಬೆಳವಣಿಗೆ ನಮ್ ಕಡೆ ತಿರುಗ್ಲಿ. ಮದುವೆ ಮಾತು ಮುಗಿದ ದಿನ ಈ ಜಾಗದ ಪಟ್ಟಾ ನಿಮ್ಮವ್ವನ ಹೆಸರಿಗೆ. ನನ್ ಮಾತು."

ಅವರು ಹೋದ ಮೇಲೆ ಅವ್ವ ಚಾಪೆ ಸುತ್ತಿದಳು.

ಮೊದಲು ನಮ್ಮನ್ನು ಮಲಗಿಸಿದ್ದು ಕೊಟ್ಟಿಗೆಯಲ್ಲಿ. ಇಪ್ಪತ್ತು ದಿನ ಕಳೆದು ಓಬಳಯ್ಯನನ್ನು ಕರೆಸಿ ಗುಟ್ಟಾಗಿ ಗುಂಡು ಇಳಿಬಿಡಿಸಿದರು. ಓಬಳಯ್ಯ ಜಗತ್ತಿನಲ್ಲಿ ಗುಂಡು ಒಂದನ್ನು ಬಿಟ್ಟು ಇನ್ಯಾವುದಕ್ಕೂ ಮರ್ಯಾದೆ ಕೊಡದ ಮುದುಕ. ಒಂದು ಕಣ್ಣು ಮುಚ್ಚಿ ನೋಡಿ, "ತಿರುಗ್ತಾ ಐತೆ ಪಂಪಣ್ಣೋರೆ. ಆದ್ರೆ ಮರ ನಿಮ್ ಎಮ್ಮೆಗೆ ಕೈಮುಗೀತೈತೆ," ಎಂದ.

ನದಿಯಾಚೆಯವರ ಮುಂದೆ ಎಮ್ಮೆಯನ್ನು ಯಜಮಾನ ಎಂದು ತೋರಿಸುವ ಹಾಗಿರಲಿಲ್ಲ. ಮಾರನೆಯ ದಿನ ನಮ್ಮನ್ನು ಹಿತ್ತಲ ಕೋಣೆಗೆ ಹಾಕಿದರು. ಗುಂಡು ಬಚ್ಚಲಿಗೆ ಬಿತ್ತು. ಕೊನೆಗೆ ಓಬಳಯ್ಯನೇ ಅಂಗಳದಿಂದ ಒಳಕ್ಕೆ ದಾರ ಎಳೆದು, ಗೆರೆ ಹಾಕಿ, ಮನೆಯ ಮರ್ಯಾದೆ ಇರುವ ಜಾಗ ಯಾವುದೆಂದು ತೋರಿಸಿದ. ದೇವರ ಕೋಣೆಯ ಎದುರು, ಅವರ ಹಿರಿಯರ ಪಟಗಳ ಕೆಳಗೆ, ನಟ್ಟನಡುಮನೆ.

ಸರ್ವಮಂಗಳಮ್ಮನವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಹಸಿವಾಯಿತು, ಒಪ್ಪಿದರು. ಹೊಸಿಲಾಚೆ ನಿಂತು ನೀರು ಹೊಯ್ಯಿಸಿಕೊಂಡು ಕುಡಿಯುತ್ತಿದ್ದ ನಾವು ಸಂಜೆಯಾದರೆ ನಡುಮನೆಯಲ್ಲಿ ಕಾಲು ಚಾಚುತ್ತಿದ್ದೆವು. ನಮ್ಮ ಕಾಲು ಪಟಗಳ ಕಡೆ ಇರಬಾರದು, ತಲೆ ದೇವರ ಕಡೆ ಇರಬಾರದು, ಮೈ ಕಂಬಕ್ಕೆ ತಾಗಬಾರದು. ಇಷ್ಟೆಲ್ಲ ಬಾರದುಗಳ ನಡುವೆ ನಿದ್ದೆ ಮಾತ್ರ ಬರಬೇಕು. ಮರಕ್ಕೆ ನಾವು ಎಚ್ಚರವಿದ್ದರೆ ಲೆಕ್ಕವಿಲ್ಲವಲ್ಲ. ಊಟ ಹಿತ್ತಲಲ್ಲಿ ಎಲೆಯ ಮೇಲೆ. ಬೆಳಿಗ್ಗೆ ನಾವು ಚಾಪೆ ಸುತ್ತಿ ಹೊರಬಿದ್ದ ಕೂಡಲೇ ಅಮ್ಮನವರು ನಾವು ಮಲಗಿದಷ್ಟು ಜಾಗವನ್ನು ಅಳತೆ ಹಿಡಿದು ಅರಿಸಿನ ನೀರಿನಲ್ಲಿ ತೊಳೆಯುತ್ತಿದ್ದರು. ತೊಳೆದೂ ತೊಳೆದೂ ಆ ಗಾರೆಯ ಮೇಲೆ ಇಬ್ಬರು ಮಲಗಿದ ಆಕಾರದ ಹಳದಿ ಕಲೆ ಉಳಿಯಿತು.

"ನೋಡ್ಲಾ," ಅವ್ವ ಅಂದಳು, "ಇವರ ತಾತಂದು ಪಟ ಗೋಡೆ ಮೇಲೆ. ನಮ್ದು ನೆಲದ ಮೇಲೆ."

ಕುಮುದ ಒಂದು ಬೆಳಿಗ್ಗೆ ಅಲ್ಲೇ ನಿಂತು ತಾಯಿಯನ್ನು ಕೇಳಿದಳು, "ಅಮ್ಮಾ, ಇವರು ಮಲಗಿದ್ದಕ್ಕೆ ಮನೆ ಮೈಲಿಗೆ. ಇವರು ಮಲಗಿದ್ರೇನೇ ಮನೆಗೆ ಮರ್ಯಾದೆ. ನಾನ್ ಯಾವುದನ್ನ ನಂಬ್ಲಿ?"

"ನೀನು ಒಳಗೆ ಹೋಗು," ಎಂದರು ಅಮ್ಮನವರು. ಅದು ಆ ಮನೆಯ ಎಲ್ಲ ಪ್ರಶ್ನೆಗಳಿಗೂ ಇದ್ದ ಉತ್ತರ.

ನಾಲ್ಕು ತಿಂಗಳಲ್ಲಿ ಮರ ನಡುಮನೆಗೆ ತಿರುಗಿತು. ನಾನು ಕೆಲಸದಲ್ಲಿ ಮೋಸ ಮಾಡಲಿಲ್ಲ. ಸಿಟ್ಟು ಅವರ ಮೇಲೆ, ಮರದ ಮೇಲಲ್ಲ. ಕೊಂಬೆಗಳಿಗೆ ಜೋತುಬಿದ್ದ ಹುಳುವಿನ ಚೀಲಗಳನ್ನು ಒಂದೊಂದಾಗಿ ಕೈಯಲ್ಲೇ ಕಿತ್ತೆ. ಮಳೆನೀರು ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆದೆ. ಬೋಳು ಪಕ್ಕಕ್ಕೆ ಮಾತ್ರ ನನ್ನ ಹತ್ತಿರ ಮದ್ದಿರಲಿಲ್ಲ. ಅದಕ್ಕೆ ಅಮ್ಮನವರು ತಮ್ಮ ರೇಷ್ಮೆ ಸೀರೆ ಉಡಿಸುವುದೆಂದು ತೀರ್ಮಾನವಾಯಿತು.

ನೆಂಟರು ಬರುವ ದಿನ ಬೆಳಿಗ್ಗೆ ಮರದ ತುದಿಗೆ ಚೆಂಡುಹೂವಿನ ಹಾರ ಕಟ್ಟುವುದಕ್ಕೆ ನಾನು ಏಣಿ ಹತ್ತಿದೆ. ನಲವತ್ತು ಅಡಿ ಮೇಲಿನಿಂದ ಇಡೀ ಕೆಳಗೇರಿ ಕಾಣುತ್ತದೆ. ನಮ್ಮ ತಗಡಿನ ಸೂರನ್ನು ಕಣ್ಣು ತಾನಾಗಿಯೇ ಹುಡುಕಿತು. ಸೂರಿರಲಿಲ್ಲ. ಗೋಡೆಯೂ ಇರಲಿಲ್ಲ. ತಗಡುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ಮೇಲೆ ಕಲ್ಲು ಹೇರಿದ್ದರು. ನೆಲ ಸಮ ಮಾಡಿದ್ದರು. ಅದೇ ಗಾರೆ ಕೆಲಸದವನು ಸನಿಕೆಗೆ ಒರಗಿ ಬೀಡಿ ಸೇದುತ್ತಿದ್ದ. ನಾನು ಹಾರ ಹಿಡಿದುಕೊಂಡು ಅಲ್ಲೇ ಎಷ್ಟು ಹೊತ್ತು ನಿಂತೆನೋ. ಕೆಳಗಿನಿಂದ ಯಾರೋ "ಹೂ ಬಾಡ್ತದೆ ಕಣೋ" ಎಂದು ಕೂಗಿದರು.

ಇಳಿದು ಬಂದೆ. ಪಂಪಣ್ಣನವರು ಕನ್ನಡಿ ಮುಂದೆ ಶಾಲು ಸರಿಮಾಡಿಕೊಳ್ಳುತ್ತಿದ್ದರು.

"ಬುದ್ಧಿ, ನಮ್ಮನೆ?"

"ಶ್, ನೆಂಟರು ಬರೋ ಹೊತ್ತು," ಎಂದರು. "ಅದು ಅಲ್ಲಿದ್ರೆ ಮರಕ್ಕೆ ಮತ್ತೆ ಆ ಕಡೆ ಆಸೆ ಹುಟ್ತದೆ. ನಿಮಗೇನು ಕಮ್ಮಿ? ಕೊಟ್ಟಿಗೆ ಪಕ್ಕ ಒಂದು ರೂಮು ಹಾಕಿಸ್ಕೊಡ್ತೀನಿ."

"ಪಟ್ಟಾ?"

"ಮನೇನೇ ಇಲ್ಲದ ಮೇಲೆ ಪಟ್ಟಾ ಯಾತಕ್ಕೋ, ಹುಚ್ಚಪ್ಪ?" ಎಂದು ಪ್ರೀತಿಯಿಂದಲೇ ನಕ್ಕರು. ಶಾಲು ಸರಿಯಾಗಿ ಕೂತಿತ್ತು.

ಅವ್ವನಿಗೆ ಹೇಳಿದೆ. ಅವಳು ಹಿತ್ತಲಲ್ಲಿ ನೆಂಟರಿಗಾಗಿ ತೊಳೆಯುತ್ತಿದ್ದ ಹಂಡೆಯನ್ನು ಅರ್ಧಕ್ಕೇ ಬಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಒಲೆ?" ಎಂದಳು.

"ಎಲ್ಲಾ."

ನನ್ನ ಹಿಂದೆಯೇ ಅಂಗಳಕ್ಕೆ ಬಂದು ನಿಂತಳು.

ನೆಂಟರು ಬಂದರು. ಹದಿನಾಲ್ಕು ಜನ, ಅವರ ಮುಂದೆ ಹುಡುಗನ ಅಜ್ಜಿ ಅಕ್ಕಯ್ಯಮ್ಮ, ಊರುಗೋಲು ಹಿಡಿದು. ಮೇಲುಬೀದಿ ಪೂರ್ತಿ ಬೇಲಿಗೆ ಒರಗಿ ನಿಂತಿತ್ತು. ಅವರಲ್ಲಿ ಅರ್ಧ ಜನ ಸಂಬಂಧ ಕೂಡಲಿ ಎಂದು ಬಂದವರು, ಉಳಿದವರು ನಿಜ ಹೇಳುವವರು. ಅಕ್ಕಯ್ಯಮ್ಮ ಮರಕ್ಕೆ ಉಡಿಸಿದ ಸೀರೆಯನ್ನು ನೋಡಿ, "ಇದೇನವ್ವಾ, ಹುಡುಗಿಗಿಂತ ಮುಂಚೆ ಮರಕ್ಕೆ ಸೀರೆ ಉಡಿಸಿದ್ದೀರಿ, ಮೈ ಮೇಲೆ ಏನಾದ್ರೂ ಮಚ್ಚೆ ಐತೋ?" ಎಂದಳು. ಅಮ್ಮನವರು ಪದ್ಧತಿ ಎಂದರು. ಯಾವ ಪದ್ಧತಿ ಎಂದು ಅಜ್ಜಿ ಕೇಳಲಿಲ್ಲ. ಅವಳ ಕಣ್ಣು ಮಾತ್ರ ಕೇಳಿತು.

ನಾನು ಮೇಲೆ ಹತ್ತಿ ದಾರ ಬಿಟ್ಟೆ. ಓಬಳಯ್ಯ ಕೆಳಗೆ ಮಂಡಿಯೂರಿದ. ಗುಂಡು ಅಲ್ಲಾಡಿತು, ನಿಂತಿತು. ನಡುಮನೆಯ ಬಾಗಿಲಿಗೆ ನೇರ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಮನೆಗೇ ಬಾಗೈತೆ," ಎಂದು ಓಬಳಯ್ಯ ಸಾರಿದ. "ಸಾಕಿದೋರು ಬಂದು ನುಡೀಲಿ."

ಪಂಪಣ್ಣನವರು ಗಂಟಲು ಸರಿಮಾಡಿಕೊಂಡರು. ಶಾಲನ್ನು ಎಡಗಡೆಯಿಂದ ಬಲಗಡೆಗೆ ಹಾಕಿಕೊಂಡರು. ಅದು ಸರಿಬರದೆ ಮತ್ತೆ ಎಡಗಡೆಗೆ ಹಾಕಿಕೊಂಡರು. ಅಷ್ಟರಲ್ಲಿ ನಾನು ಏಣಿ ಇಳಿದಿದ್ದೆ. ಕಾಂಡ ನನ್ನ ಕೈಯಳತೆಯಲ್ಲೇ ಇತ್ತು. ಅಂಗೈ ಇಟ್ಟೆ.

"ಇದು ನನ್ನ ಮನೆ, ನಾನು ಸಾಕಿದ ಮರ ಸಾಕ್ಷಿ."

ಯಾರೋ ನಕ್ಕರು. ಎರಡನೆಯ ಸಲ ನುಡಿದಾಗ ನಗು ಕಮ್ಮಿಯಾಯಿತು. ಮೂರನೆಯ ಸಲಕ್ಕೆ ಎಮ್ಮೆ ಮೆಲುಕು ಹಾಕುವುದು ಕೇಳಿಸುತ್ತಿತ್ತು.

"ಏಯ್! ಇಳಿಸ್ರೋ ಅವನನ್ನ!" ಎಂದರು ಪಂಪಣ್ಣನವರು. ನಾನು ಆಗಲೇ ನೆಲದ ಮೇಲಿದ್ದೆ. ಇನ್ನೂ ಎಲ್ಲಿಗೆ ಇಳಿಸುತ್ತಾರೆ?

ಓಬಳಯ್ಯ ಗುಂಡನ್ನು ಬಟ್ಟೆಯಲ್ಲಿ ಸುತ್ತುತ್ತಾ ಎದ್ದ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. "ಮರ ಸಾಕಿದ್ದು ಯಾರು?"

"ನಾನೂ ನಮ್ಮವ್ವನೂ."

"ಎಲ್ಲಿ ಮಲಗ್ತೀರಾ?"

"ನಡುಮನೇಲಿ. ಬೇಕಾದ್ರೆ ಒಳಗೆ ಹೋಗಿ ನೋಡಿ, ಅಮ್ಮೋರು ದಿನಾ ಅರಿಸಿನ ನೀರಲ್ಲಿ ಗುರುತು ಹಾಕೌರೆ."

ಅಕ್ಕಯ್ಯಮ್ಮ ಊರುಗೋಲು ಊರುತ್ತಾ ಒಳಗೆ ಹೋಗಿ ಬಂದಳು. "ಐತೆ," ಎಂದಳು. "ಎರಡು ಆಳು."

"ಮರ ಕೊಂಡಿದ್ದು ನಾನು! ಸಸಿ ತರಿಸಿದ್ದು ನಮ್ಮಪ್ಪ!" ಪಂಪಣ್ಣನವರ ದನಿ ಎತ್ತರಕ್ಕೆ ಹೋಗಿ ಸೀಳಿತು.

"ಕೊಂಡೋರು ಅಂತ ಕಟ್ಟಳೇಲಿ ಇಲ್ಲ ಪಂಪಣ್ಣೋರೆ. ಸಾಕಿದೋರು ಅಂತೈತೆ," ಎಂದ ಓಬಳಯ್ಯ. "ನಿಮ್ ಚಿಕ್ಕಪ್ಪನ್ನ ಈ ಮನೆಯಿಂದ ಹೊರಗೆ ಹಾಕಿದ್ದೂ ಇದೇ ಮಾತಿಂದಲೇ. ಗುಂಡು ಹಿಡಿದಿದ್ದು ನಾನೇ. ಅವತ್ತು ನಿಮಗೆ ಕಟ್ಟಳೆ ಭಾರೀ ಚೆನ್ನಾಗಿತ್ತು."

ಬೇಲಿಯಾಚೆಯಿಂದ ಕಿಸಕ್ ಎಂದಿತು. ಪಂಪಣ್ಣನವರು ಸುತ್ತ ನೋಡಿದರು. ನೆಂಟರು, ಬೀದಿ, ಹೆಂಡತಿ, ಮಗಳು, ಯಾರ ಮುಖದಲ್ಲೂ ಅವರಿಗೆ ಬೇಕಾದ್ದು ಸಿಗಲಿಲ್ಲ. ಸೌದೆ ಕೊಟ್ಟಿಗೆಗೆ ನುಗ್ಗಿ ಕೊಡಲಿ ತಂದರು. "ಸುಳ್ಳು ಹೇಳೋ ಮರ ನನ್ ಅಂಗಳದಲ್ಲಿ ಬೇಡ," ಎಂದರು. ಶಾಲನ್ನು ಬಿಸಾಡಿದರು.

ಮರ ಕಡಿಯುವುದಕ್ಕೂ ಒಂದು ವಿದ್ಯೆ ಇದೆ. ಬೀಳಬೇಕಾದ ಕಡೆ ಮೊದಲು ಕಾಂಡಕ್ಕೆ ಕಚ್ಚು ಹಾಕಿ ಬಾಯಿ ತೆಗೆಯಬೇಕು, ತುದಿಗೆ ಹಗ್ಗ ಹಾಕಿ ಬೇಕಾದತ್ತ ಜಗ್ಗಬೇಕು. ಇಲ್ಲದಿದ್ದರೆ ಮರ ತಾನು ಬಾಗಿದ ಕಡೆಗೇ ಬೀಳುತ್ತದೆ. ಅಲ್ಲಿದ್ದವರಲ್ಲಿ ಇದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅವ್ವ. ನಾನು ಮನೆಯೊಳಗೆ ಯಾರಾದರೂ ಇದ್ದಾರೆಯೇ ಎಂದು ಎಣಿಸಿದೆ. ಅಡುಗೆಯವಳೂ ತಮಾಷೆ ನೋಡುವುದಕ್ಕೆ ಅಂಗಳಕ್ಕೆ ಬಂದಿದ್ದಳು. ನೆಂಟರನ್ನು "ಈ ಕಡೆ ಬನ್ನಿ, ಈ ಕಡೆ" ಎಂದು ಬೇಲಿಯತ್ತ ಸರಿಸಿದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಒಂದು ಮರವನ್ನು ತಪ್ಪಾಗಿ ಕಡಿಯಲು ಬಿಟ್ಟವನಲ್ಲ. ಅವತ್ತು ಬಿಟ್ಟೆ. ಅವ್ವ ನನ್ನ ಮುಖ ನೋಡಿದಳು. ಅವಳೂ ಬಾಯಿ ಬಿಡಲಿಲ್ಲ.

ಪಂಪಣ್ಣನವರು ಅಲ್ಲೊಂದು ಇಲ್ಲೊಂದು ಏಟು ಹಾಕಿದರು. ಚಕ್ಕೆ ಹಾರಿತು, ಅಂಟಿನ ವಾಸನೆ ಎದ್ದಿತು, ರೇಷ್ಮೆ ಸೀರೆ ಹರಿಯಿತು, ಬೋಳು ಪಕ್ಕ ಊರಿಗೆಲ್ಲ ಕಂಡಿತು. ಅರ್ಧ ಗಂಟೆಯ ಮೇಲೆ ಮರ ಒಮ್ಮೆ ನರಳಿತು. ಹಾರ ಸಮೇತ ನಿಧಾನವಾಗಿ ಬಾಗಿ, ಬಾಗಿ, ನಡುಮನೆಯ ಹೆಂಚಿನ ಮೇಲೆ ಮಲಗಿತು. ತೊಲೆ ಮುರಿದ ಸದ್ದು, ಪಟಗಳ ಗಾಜು ಒಡೆದ ಸದ್ದು, ಆಮೇಲೆ ದೂಳು.

ಅಕ್ಕಯ್ಯಮ್ಮ ಮೂಗಿಗೆ ಸೆರಗು ಹಿಡಿದು, "ಮರ ಸುಳ್ಳು ಹೇಳಿಲ್ಲಪ್ಪ. ಎಲ್ಲಿ ನೋಡ್ತಿತ್ತೋ ಅಲ್ಲಿಗೇ ಹೋಯ್ತು," ಎಂದು ತಿರುಗಿ ಗಾಡಿ ಹತ್ತಿದಳು. ಹದಿಮೂರು ಜನ ಅವಳ ಹಿಂದೆ. ಕುಮುದ ಬಾಗಿಲ ಬಳಿ ಕೂತು ಕಣ್ಣೀರು ಬರುವ ಹಾಗೆ ನಗುತ್ತಿದ್ದಳು. ಅಮ್ಮನವರು ಅದನ್ನು ಅಳು ಎಂದು ತಿಳಿದು ತಲೆ ಸವರಿದರು.

ಪಂಪಣ್ಣನವರು ಕೊಡಲಿ ಕೆಳಗಿಟ್ಟು ಕಾಂಡದ ಮೇಲೆ ಕೂತರು. "ಏನ್ ಬೇಕೋ ನಿಂಗೆ?" ಎಂದರು. "ಈ ಮನೆ ತಗೊಂತೀಯಾ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು, "ಇಷ್ಟ್ ದೊಡ್ಡ ಮನೆ ಗುಡಿಸೋರ್ ಯಾರು ಬುದ್ಧಿ? ನಮ್ ಜಾಗದ ಕಾಗದ ಕೊಡಿ. ಹಂಗೇ ಈ ಮರಾನೂ. ಸೈಪ್ರೆಸ್ಸಿಗೆ ಗೆದ್ದಲು ಹತ್ತಲ್ಲ, ಕಂಬಕ್ಕಾಯ್ತದೆ."

"ಕೊಟ್ರೆ ನುಡಿದದ್ದನ್ನ ವಾಪಸ್ ತಗೊಂತೀರಾ?"

"ಕಟ್ಟಳೆ ಏನೈತೋ ಹಂಗೆ," ಎಂದೆ ನಾನು.

ಅವರು ದೂಳಿನೊಳಗಿಂದ ಪೆಟ್ಟಿಗೆ ತರಿಸಿದರು. ಪಟ್ಟಾದ ಮೇಲೆ ಅವ್ವನ ಹೆಸರು ಬರೆದು ಕಾಂಡದ ಮೇಲಿಟ್ಟು ಸಹಿ ಹಾಕಿದರು. ಓಬಳಯ್ಯನೂ ಬೀದಿಯ ಇಬ್ಬರು ಹಿರಿಯರೂ ಸಾಕ್ಷಿ ಹಾಕಿದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಕಾಗದಕ್ಕೆ ಸೈಪ್ರೆಸ್ಸಿನ ಅಂಟು ಹತ್ತಿತ್ತು. ಈಗಲೂ ಬಿಡಿಸಿದರೆ ವಾಸನೆ ಬರುತ್ತದೆ.

"ಈಗ ನುಡಿ," ಎಂದರು ಪಂಪಣ್ಣನವರು.

ಓಬಳಯ್ಯ ಕೆಮ್ಮಿದ. "ವಾಪಸ್ ನುಡಿಯೋದಕ್ಕೂ ಮರ ಬೇಕು ಪಂಪಣ್ಣೋರೆ. ಈ ಅಂಗಳದಲ್ಲಿ ನಿಂತಿರೋ ಮರ. ನೀವು ಸಾಕಿದ್ದು, ನಿಮ್ ಕಡೆ ಬಾಗಿದ್ದು. ಅದರ ಮೇಲೆ ಕೈಯಿಟ್ಟು ಇವನು ನುಡೀಬೇಕು."

"ಅದಕ್ಕೆ ಎಷ್ಟು ದಿನ?"

"ದಿನ ಅಲ್ಲ," ಎಂದೆ. "ಚೆನ್ನಾಗಿ ನೋಡ್ಕೊಂಡ್ರೆ ಏಳೆಂಟು ವರ್ಷ. ಅಲ್ಲೀವರೆಗೆ ಇರಿ ಬುದ್ಧಿ. ನಮ್ಮನೆ ಅನ್ನೋ ಸಂಕೋಚ ಬೇಡ."

ಇದಾಗಿ ಮೂರು ವರ್ಷ. ನಾವು ಅದೇ ಜಾಗದಲ್ಲಿ ಮನೆ ಕಟ್ಟಿದ್ದೇವೆ, ನಾಲ್ಕು ಸೈಪ್ರೆಸ್ ಕಂಬಗಳ ಮೇಲೆ. ಮೇಲುಬೀದಿಯವರು ಅವತ್ತಿನಿಂದ ನಮ್ಮನ್ನು ಕೆಲಸಕ್ಕೆ ಕರೆದಿಲ್ಲ. ಬೆಳಗಾದರೆ ಜರಿಪಂಚೆಯನ್ನು ಮಂಡಿಗೆ ಎತ್ತಿಕಟ್ಟಿ ತಾವೇ ಕೊಡ ಹೊರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದ ಹಾಗೆ. ನಾನು ಈಗ ನದಿಯಾಚೆ ಸಸಿಮಡಿ ಮಾಡಿದ್ದೇನೆ. ಮೇಲುಬೀದಿಯವರು ಆಳುಗಳ ಕೈಲಿ ನನ್ನ ಹತ್ತಿರವೇ ಸಸಿ ತರಿಸಿಕೊಳ್ಳುತ್ತಾರೆ. ಪಂಪಣ್ಣನವರು ನೆಟ್ಟದ್ದು ಇದು ನಾಲ್ಕನೆಯದು. ದಿನಾ ಎರಡು ಕೊಡ ನೀರು ತಂದು, ಭಕ್ತಿಯಿಂದ, ನೇರ ಕಾಂಡದ ಮೇಲೇ ಸುರಿಯುತ್ತಾರೆ. ಬೇರು ಕೊಳೆಯುತ್ತದೆ, ಸಸಿ ತಿಂಗಳೊಪ್ಪತ್ತಿನಲ್ಲಿ ಹಳದಿಯಾಗುತ್ತದೆ. ನೀರು ಬೀಳಬೇಕಾದದ್ದು ಎಲ್ಲಿ, ಎಷ್ಟು ದಿನಕ್ಕೊಮ್ಮೆ, ಎಲ್ಲ ನನಗೆ ಗೊತ್ತು. ಕೇಳಿದರೆ ಹೇಳುತ್ತೇನೆ, ಮುಚ್ಚಿಡುವ ವಿದ್ಯೆಯಲ್ಲ. ಅವರ ಅಂಗಳದಿಂದ ನಮ್ಮ ಬಾಗಿಲಿಗೆ ಇರುವುದು ಒಂದೇ ಒಂದು ಇಳಿಜಾರು. ಇಳಿದು ಬರಲಿ.